ಕಿವಿ ಮುಟ್ಟಿದರೆ ಆರು, ಕಾಗದ ತಂದರೆ ಅರವತ್ತು

ಜನನ ಪ್ರಮಾಣಪತ್ರ ಮನೆಮನೆಗೆ ಬರುವ ಮೊದಲು ಹಳ್ಳಿ ಶಾಲೆಯ ಮೇಷ್ಟ್ರ ಬಳಿ ವಯಸ್ಸು ಅಳೆಯುವ ಉಪಾಯವೊಂದಿತ್ತು. ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಬೆರಳು ಕಿವಿಗೆ ತಾಗಿತೋ, ಒಂದನೇ ಕ್ಲಾಸಿಗೆ ಹೆಸರು ಬಿತ್ತು. ತಾಗಲಿಲ್ಲವೋ, ‘ಮುಂದಿನ ವರ್ಷ ಕರ್ಕೊಂಡು ಬಾರವ್ವ’. ಹುಟ್ಟಿದ ದಿನ ಯಾವುದೆಂದು ಕೇಳಿದರೆ ಅವ್ವನ ಲೆಕ್ಕ ಬೇರೆಯೇ: ಕೆರೆ ಕೋಡಿ ಬಿದ್ದ ವರ್ಷ, ಯುಗಾದಿ ಕಳೆದ ಎರಡನೇ ವಾರ. ಮೇಷ್ಟ್ರು ಅದನ್ನೆಲ್ಲ ಕೇಳಿಸಿಕೊಂಡು, ಜೂನ್ ತಿಂಗಳಿಗೆ ಲೆಕ್ಕ ಕೂಡುವಂತೆ ಒಂದು ತಾರೀಕು ಹೊಂದಿಸಿ ರಿಜಿಸ್ಟರಿಗೆ ಏರಿಸುತ್ತಿದ್ದರು. ಇಂದು ಅರವತ್ತು, ಎಪ್ಪತ್ತು ದಾಟಿದ ಎಷ್ಟೋ ಜನ ಅದೇ ತಾರೀಕು ಹೊತ್ತು ನೌಕರಿ ಮಾಡಿ, ಅದೇ ತಾರೀಕಿಗೆ ನಿವೃತ್ತರಾದರು.

ಕಿವಿ ಮುಟ್ಟಿಸುವ ಪರೀಕ್ಷೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ದೊಡ್ಡವರಲ್ಲಿ ತಲೆ ಏಳನೆಯ ಅಥವಾ ಎಂಟನೆಯ ಒಂದು ಪಾಲು. ಮೂರು ವರ್ಷದ ಮಗು ಎಷ್ಟು ಚಾಚಿದರೂ ಅದರ ಗಿಡ್ಡ ಕೈ ಆ ದೊಡ್ಡ ತಲೆಯನ್ನು ಬಳಸಿ ಆಚೆ ಕಿವಿಗೆ ಮುಟ್ಟದು. ಆರರ ಸುಮಾರಿಗೆ ಕೈ ಉದ್ದವಾಗುತ್ತದೆ, ಹಾಲುಹಲ್ಲು ಅಲುಗಾಡುತ್ತದೆ, ಮಿದುಳಿನ ಗಾತ್ರ ದೊಡ್ಡವರ ಮಿದುಳಿಗೆ ಹೆಚ್ಚುಕಡಿಮೆ ಸಮವಾಗುತ್ತದೆ. ಮೇಷ್ಟ್ರು ಅಳೆಯುತ್ತಿದ್ದದ್ದು ವರ್ಷವನ್ನಲ್ಲ, ಬೆಳವಣಿಗೆಯನ್ನು. ಹೊಟ್ಟೆಗಿಲ್ಲದೆ ಸೊರಗಿದ ಮಗು ಮಾತ್ರ ಈ ಪರೀಕ್ಷೆಯಲ್ಲಿ ಅನ್ಯಾಯವಾಗಿ ಸೋಲುತ್ತಿತ್ತು.

ಈಗ ಕಾಗದದ ಕಾಲ. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಅದಕ್ಕೆ ಮೊದಲು ಐದು ವರ್ಷ ಐದು ತಿಂಗಳು ಸಾಕಿತ್ತು. ಕೆಲವು ದಿನಗಳ ಕೊರತೆಗೆ ಯುಕೆಜಿ ಮುಗಿಸಿದ ಮಗು ಒಂದು ವರ್ಷ ಮನೆಯಲ್ಲಿ ಕೂರಬೇಕೇ ಎಂದು ಹೆತ್ತವರು ಗಲಾಟೆ ಎಬ್ಬಿಸಿದರು. ಕೊನೆಗೆ 2025-26ರ ಸಾಲಿಗೆ, ಯುಕೆಜಿ ಮುಗಿಸಿದ್ದರೆ, ಮತ್ತೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಸಿಕ್ಕಿತು. ಮಕ್ಕಳ ಮೈಯಲ್ಲಿ ಏನೂ ಬದಲಾಗಲಿಲ್ಲ, ಗೆರೆ ಮಾತ್ರ ಹಿಂದಕ್ಕೂ ಮುಂದಕ್ಕೂ ಓಡಾಡಿತು.

ಬಾಲ್ಯ, ಯೌವನ, ಮುಪ್ಪು ಎಂದು ನಾವು ಸಲೀಸಾಗಿ ಹೇಳುತ್ತೇವೆ, ಅವೆಲ್ಲ ಹುಟ್ಟುವಾಗಲೇ ಗುರುತು ಹಾಕಿಸಿಕೊಂಡು ಬಂದಂತೆ. ದೇಹ ನಿಧಾನವಾಗಿ, ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಬದಲಾಗುತ್ತದೆ. ಅದರ ಮೇಲೆ ಗೆರೆ ಎಳೆದು ಇಲ್ಲಿಗೆ ಮಗು, ಇಲ್ಲಿಂದ ಮುದುಕ ಎನ್ನುವವರು ಕಾನೂನು, ಜಾತಿ, ಸಂಬಳ, ಸಂಬಂಧ. ಈ ಗೆರೆಗಳು ಎಲ್ಲರಿಗೂ ಒಂದೇ ಜಾಗದಲ್ಲಿ ಬೀಳುವುದೂ ಇಲ್ಲ.

ಮೊದಲ ಹಂತದಲ್ಲಿ ಮಾತ್ರ ದೇಹದ್ದೇ ಆಡಳಿತ. ಹಸುವಿನ ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ನಮ್ಮ ಮಗುವಿಗೆ ಕತ್ತು ನಿಲ್ಲಬೇಕಾದರೇ ಮೂರು-ನಾಲ್ಕು ತಿಂಗಳು. ಮನುಷ್ಯ ಅರೆಬೆಂದ ಸ್ಥಿತಿಯಲ್ಲೇ ಹುಟ್ಟುತ್ತಾನೆ. ಹುಟ್ಟುವಾಗ ಮಿದುಳಿನ ತೂಕ ದೊಡ್ಡವರದರ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಸೊಂಟದ ಮೂಳೆಯ ದಾರಿ ಕಿರಿದಾದದ್ದು ಕಾರಣವೋ, ತಾಯಿಯ ದೇಹ ಅದಕ್ಕಿಂತ ಹೆಚ್ಚು ದಿನ ಹೊತ್ತು ಸಾಕಲಾರದು ಎನ್ನುವುದು ಕಾರಣವೋ ಎಂದು ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ. ಮಿಕ್ಕ ಬೆಳವಣಿಗೆ ಹೊರಗೆ, ತೊಟ್ಟಿಲಲ್ಲಿ, ಮಡಿಲಲ್ಲಿ ಆಗಬೇಕು. ಅದಕ್ಕೆ ಜಾಗ ಬಿಟ್ಟುಕೊಟ್ಟಿರುವುದೇ ಮಗುವಿನ ಮೆತ್ತನೆಯ ನೆತ್ತಿ. ಅಜ್ಜಿಯರು ಹರಳೆಣ್ಣೆ ಇಟ್ಟು ಕಾಯುವ ಆ ಜಾಗದಲ್ಲಿ ಮೂಳೆಗಳು ಒಂದಕ್ಕೊಂದು ಕೂಡಿಕೊಳ್ಳಲು ಸಾಮಾನ್ಯವಾಗಿ ಒಂದೂವರೆ ವರ್ಷ ಬೇಕು.

ಆಮೇಲೆ ತಾಯಂದಿರ ಮಾಮೂಲಿ ದೂರು ಶುರುವಾಗುತ್ತದೆ: ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತೋ, ಮೈಗೇ ಹತ್ತಲ್ಲ. ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ 2014ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು ಲೆಕ್ಕ ಕೊಟ್ಟರು. ಐದು ವರ್ಷದ ಸುಮಾರಿಗೆ, ದೇಹ ಸುಮ್ಮನಿದ್ದಾಗ ಖರ್ಚಾಗುವ ಶಕ್ತಿಯಲ್ಲಿ ಮೂರನೇ ಎರಡು ಪಾಲನ್ನು ಮಿದುಳೊಂದೇ ನುಂಗುತ್ತದೆ. ಮಿದುಳಿನ ಹಸಿವು ತುತ್ತತುದಿಯಲ್ಲಿರುವಾಗ ಮೈಯ ಬೆಳವಣಿಗೆ ನಿಧಾನವಾಗುತ್ತದೆ. ಆ ಹಸಿವು ತಗ್ಗಿದ ಮೇಲೆ, ಹತ್ತು ದಾಟಿದಾಗ, ಮೈ ಒಮ್ಮೆಲೇ ಎತ್ತರಕ್ಕೆ ಚಿಮ್ಮುತ್ತದೆ. ಅಂಗನವಾಡಿಯ ಮೊಟ್ಟೆಯನ್ನೋ 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲನ್ನೋ ಬಿಟ್ಟಿ ಭಾಗ್ಯವೆಂದು ಹಂಗಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಬಾಲ್ಯ ಎಲ್ಲಿಗೆ ಮುಗಿಯುತ್ತದೆ? ಇಲ್ಲಿಂದಲೇ ತಕರಾರು. ಹುಡುಗನಿಗೆ ದೇಹ ಸ್ಪಷ್ಟ ಗುರುತು ಕೊಡುವುದಿಲ್ಲ. ಕೆಲವು ಜಾತಿಗಳಲ್ಲಿ ಉಪನಯನ, ಮಿಕ್ಕವರಿಗೆ ಚಿಗುರುಮೀಸೆ, ಆಮೇಲೆ ಎಸ್ಸೆಸ್ಸೆಲ್ಸಿ. ಹುಡುಗಿಗೆ ಮಾತ್ರ ದೇಹವೇ ಒಂದು ದಿನ ಗುರುತು ಹಾಕುತ್ತದೆ. ಹಳೇ ಮೈಸೂರು ಕಡೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ, ಚಿಗಳಿ ತಂಬಿಟ್ಟು ತಿನ್ನಿಸಿ, ಆರತಿ ಎತ್ತಿ ‘ದೊಡ್ಡವಳಾದಳು’ ಎಂದು ಊರಿಗೆಲ್ಲ ಸಾರುವ ಪದ್ಧತಿ. ಪ್ರೀತಿಯ ಶಾಸ್ತ್ರವೇನೋ ನಿಜ. ಆದರೆ ಅದರೊಳಗೆ ಇನ್ನೊಂದು ಸುದ್ದಿಯೂ ಇತ್ತು: ಈ ಮನೆಯಲ್ಲಿ ಮದುವೆಗೆ ಹುಡುಗಿ ಇದ್ದಾಳೆ.

ಕೆಲವು ಮೇಲ್ಜಾತಿಗಳಲ್ಲಿ ಅಷ್ಟರವರೆಗೂ ಕಾಯುತ್ತಿರಲಿಲ್ಲ. ಮೈನೆರೆಯುವ ಮೊದಲೇ ಮದುವೆ ಆಗಬೇಕು, ಇಲ್ಲವಾದರೆ ತಂದೆಗೆ ಪಾಪ. ಮೈಸೂರು ಸಂಸ್ಥಾನ ಇದಕ್ಕೆ ಕೈಹಾಕಿದ್ದು 1894ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಆ ಶಾಸನ ಎಳೆದ ಗೆರೆ ನೋಡಿ: ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಕೂಡದು, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗಕೂಡದು. ಇಷ್ಟು ಸಣ್ಣ ಗೆರೆಗೇ ಆಗ ಧರ್ಮ ಹಾಳಾಯಿತೆಂಬ ಗದ್ದಲ. ಅದಕ್ಕೆ ಮೂರು ವರ್ಷ ಮೊದಲು ಬ್ರಿಟಿಷ್ ಇಂಡಿಯಾದಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗಲೂ ಅದೇ ಕೂಗು ಎದ್ದಿತ್ತು. 1929ರ ಶಾರದಾ ಕಾಯ್ದೆ ಹುಡುಗಿಗೆ ಹದಿನಾಲ್ಕು ಎಂದಿತು, 1949ರಲ್ಲಿ ಅದು ಹದಿನೈದಾಯಿತು, 1978ರಲ್ಲಿ ಹದಿನೆಂಟು. ಹೆಣ್ಣುಮಗಳ ಬಾಲ್ಯವನ್ನು ಎಂಟರಿಂದ ಹದಿನೆಂಟಕ್ಕೆ ತಳ್ಳಲು ಎಂಬತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಒಂದೊಂದು ವರ್ಷಕ್ಕೂ ಜಗಳವಾಡಿ ಪಡೆದದ್ದು.

ಪಡೆದದ್ದಾದರೂ ಪೂರ್ತಿ ಕೈಗೆ ಬಂದಿದೆಯೇ ಅಂದರೆ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಕಾಯ್ದೆಗೆ ತಿದ್ದುಪಡಿ ತಂದ ರಾಜ್ಯ ನಮ್ಮದು. ಕಾಗದದಲ್ಲಿ ದೇಶಕ್ಕೇ ಮೇಲ್ಪಂಕ್ತಿ, ಊರಿನಲ್ಲಿ ಐವರಲ್ಲಿ ಒಬ್ಬಳಿಗೆ ಹದಿಹರೆಯವೇ ಇಲ್ಲ.

ಇಂಥ ಹುಡುಗಿಯ ಬದುಕಿನಲ್ಲಿ ವಯಸ್ಸನ್ನು ವರ್ಷದಿಂದ ಎಣಿಸುವುದೂ ಇಲ್ಲ. ಮಗಳು, ಸೊಸೆ, ಬಸುರಿ, ಬಾಣಂತಿ, ಅತ್ತೆ, ಅಜ್ಜಿ. ಹದಿನೇಳಕ್ಕೆ ಮದುವೆ, ಹದಿನೆಂಟಕ್ಕೆ ಮಗಳು, ಆ ಮಗಳಿಗೂ ಹದಿನೆಂಟಕ್ಕೆ ಮದುವೆ ಆದರೆ ಮೂವತ್ತೇಳಕ್ಕೆ ಅಜ್ಜಿ. ಅದೇ ಮೂವತ್ತೇಳರ ಹೆಂಗಸನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನ ಹುಡುಗರು ‘ಆಂಟಿ’ ಅಂದರೆ ಮುಖ ಸಿಂಡರಿಸುತ್ತಾಳೆ. ಇಬ್ಬರ ಮೂಳೆಗೂ ವಯಸ್ಸು ಒಂದೇ.

ಹದಿಹರೆಯ ಎಂಬ ಹಂತವೇ ಒಂದು ಲೆಕ್ಕದಲ್ಲಿ ಹೊಸತು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಎರಡು ದಪ್ಪ ಸಂಪುಟ ಬರೆದು ಅದನ್ನು ಪ್ರತ್ಯೇಕ ಹಂತವೆಂದು ವಿದ್ವಾಂಸರ ಎದುರಿಗಿಟ್ಟ ಮೇಲೆ ಅದರ ಬಗ್ಗೆ ಶಾಸ್ತ್ರವೇ ಬೆಳೆಯಿತು. ಕಾರಣ ಸರಳ. ಊಟ ಸುಧಾರಿಸಿದಂತೆ ಮೈನೆರೆಯುವ ವಯಸ್ಸು ಕೆಳಗಿಳಿಯಿತು; ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನದ ನಡುವೆ ಹದಿನಾರರ ಆಸುಪಾಸು ಇದ್ದದ್ದು ಹದಿಮೂರಕ್ಕೆ ಬಂತು. ಇತ್ತ ಓದು, ನೌಕರಿ, ಮದುವೆ ಮೇಲಕ್ಕೆ ಹೋದವು. ನಡುವೆ ಬಿದ್ದ ಹತ್ತು ಹದಿನೈದು ವರ್ಷಗಳ ಬಯಲಿಗೆ ಏನಾದರೂ ಹೆಸರು ಬೇಕಿತ್ತು. ಹಿಂದಿನವರು ದಾಟಿದ್ದು ಒಂದು ಹೊಸ್ತಿಲು, ಇಂದಿನವರದು ಉದ್ದನೆಯ ಪಡಸಾಲೆ.

ಅಲ್ಲಿ ಕಾನೂನು ಒಂದೊಂದು ಬಾಗಿಲಿಗೆ ಒಂದೊಂದು ವಯಸ್ಸು ಬರೆದಿದೆ. ಹದಿನಾಲ್ಕರ ಒಳಗೆ ಕೂಲಿಗೆ ಇಟ್ಟುಕೊಂಡರೆ ಅಪರಾಧ. ಶಾಲೆಯ ಹೊತ್ತು ಮುಗಿದ ಮೇಲೆ ಮನೆಯವರ ಕಸುಬಿಗೆ ಕೈಜೋಡಿಸಿದರೆ 2016ರ ತಿದ್ದುಪಡಿ ಪ್ರಕಾರ ಅಲ್ಲ. ಹದಿನಾರು ತುಂಬಿದವನು ಘೋರ ಅಪರಾಧ ಮಾಡಿದರೆ ದೊಡ್ಡವನಂತೆ ವಿಚಾರಣೆಗೆ ಗುರಿಯಾಗಬಹುದು, ಆದರೆ ವೋಟು ಹಾಕಲು ಹದಿನೆಂಟಾಗಬೇಕು. ಅದೂ ಮೊದಲು ಇಪ್ಪತ್ತೊಂದಿತ್ತು, 1988ರ 61ನೇ ತಿದ್ದುಪಡಿಯಿಂದ ಇಳಿಯಿತು. ಹದಿನೆಂಟಕ್ಕೆ ಸರ್ಕಾರವನ್ನು ಆರಿಸಬಲ್ಲ ಹುಡುಗನಿಗೆ ಹೆಂಡತಿಯನ್ನು ಆರಿಸಿಕೊಳ್ಳಲು ಇಪ್ಪತ್ತೊಂದು ಬೇಕು. ಯಾವುದು ಹೆಚ್ಚು ಕಷ್ಟದ ಆಯ್ಕೆ ಎಂದು ಸಂಸತ್ತಿಗೆ ಗೊತ್ತಿದ್ದಂತಿದೆ. ಮಿದುಳಿನ ಮುಂಭಾಗ, ಅಂದರೆ ದುಡುಕು ತಡೆಯುವ ಭಾಗ, ಮಾಗುವುದು ಇಪ್ಪತ್ತರ ದಶಕದ ನಡುವಿಗೆ. ಆ ಮಟ್ಟಿಗೆ ಯಾವ ಕಾನೂನಿನ ಗೆರೆಯೂ ಅದಕ್ಕೆ ಸರಿಯಾಗಿ ಕೂರುವುದಿಲ್ಲ.

ಬಯಲು ದಾಟಿ ಆಚೆ ದಡ ಸೇರುವುದೇ ಈಗ ಕಷ್ಟ. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಬೀದಿಗಳಲ್ಲಿ ಮೂವತ್ತರ ಹತ್ತಿರದವರು ಇನ್ನೂ ‘ಸ್ಟೂಡೆಂಟ್’. ಹಳ್ಳಿಯಲ್ಲಿ ಹೊಲ, ಟ್ರ್ಯಾಕ್ಟರು, ಮನೆ ಎಲ್ಲ ಇದ್ದೂ ಹೆಣ್ಣು ಸಿಗದವರು. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಗಂಡುಗಳು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೋದಾಗ ಟೀವಿಯವರು ನಗೆ ಸುದ್ದಿ ಮಾಡಿದರು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಓದಿದ ಹುಡುಗಿಯರಿಗೆ ರೈತನ ಮನೆಯ ಕೊಟ್ಟಿಗೆ ಬೇಡವಾಗಿದೆ, ಅದು ಅವರ ಹಕ್ಕು. ಹುಟ್ಟುವ ಮೊದಲೇ ಹೆಣ್ಣನ್ನು ಇಲ್ಲವಾಗಿಸಿದ ತಂದೆ-ತಾಯಂದಿರ ಲೆಕ್ಕವೂ ಈಗ ಮಗನ ತಲೆಮಾರಿನ ಮೇಲೆ ಬಂದು ಬಿದ್ದಿದೆ. ಒಂದು ಕಡೆ ಹದಿನಾರಕ್ಕೆ ಸಂಸಾರಕ್ಕೆ ನೂಕಿಸಿಕೊಂಡ ಹುಡುಗಿ, ಇನ್ನೊಂದು ಕಡೆ ಮೂವತ್ತೈದಾದರೂ ಸಂಸಾರದ ಬಾಗಿಲು ತೆರೆಯದ ಗಂಡು. ಇಬ್ಬರೂ ಒಂದೇ ರಾಜ್ಯದವರು.

ನಡುವಯಸ್ಸಿಗೆ ನಮ್ಮಲ್ಲಿ ಶಾಸ್ತ್ರವೇ ಇಲ್ಲ. ಮದುವೆ, ಸೀಮಂತ ಮುಗಿದ ಮೇಲೆ ನೇರ ಅರವತ್ತರ ಶಾಂತಿ. ಮಧ್ಯದ ಮೂವತ್ತು ವರ್ಷ ದುಡಿಮೆ, ಸಾಲ, ಮಕ್ಕಳ ಫೀಸು. ನಲವತ್ತಾದಾಗ ಪತ್ರಿಕೆಯನ್ನು ದೂರ ಹಿಡಿದು ಓದುತ್ತೇವೆ. ಕಣ್ಣಿನ ಮಸೂರ ಗಡುಸಾಗಿ ಹತ್ತಿರಕ್ಕೆ ಬಾಗದು, ಚಾಳೀಸು ಬರುತ್ತದೆ. ಬಿಟ್ಟರೆ ನಿಧಾನ ಇಳಿಜಾರು ಎಂದೇ ತಿಳಿದಿದ್ದೆವು. ಆದರೆ 2024ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 25ರಿಂದ 75ರವರೆಗಿನ 108 ಮಂದಿಯ ರಕ್ತ ಮೊದಲಾದವನ್ನು ಕೆಲವು ವರ್ಷ ಪರೀಕ್ಷಿಸಿ, ದೇಹದೊಳಗಿನ ಅಣುಗಳ ಬದಲಾವಣೆ ಸಮನಾಗಿ ಆಗದೆ 44 ಮತ್ತು 60ರ ಸುಮಾರಿಗೆ ಜೋರಾಗುತ್ತದೆ ಎಂದರು. ಸಣ್ಣ ಗುಂಪು, ಅಮೆರಿಕದ ಗುಂಪು. ಅಷ್ಟಕ್ಕೇ ಗಾಬರಿ ಬೇಡ. ನಲವತ್ತೈದರಲ್ಲಿ ಒಮ್ಮೆ ಸಕ್ಕರೆ, ಬಿಪಿ ನೋಡಿಸಿಕೊಳ್ಳಲು ನೆಪವಾಗಿ ಬಳಸಿಕೊಂಡರೆ ನಷ್ಟವಿಲ್ಲ.

ನಡುವಯಸ್ಸಿನಲ್ಲಿ ನಮ್ಮವರು ಬಾಯಿಬಿಡದ ವಿಷಯವೊಂದಿದೆ: ಮುಟ್ಟು ನಿಲ್ಲುವುದು. ಭಾರತದ ಹೆಂಗಸರಲ್ಲಿ ಇದು ಸರಾಸರಿ ನಲವತ್ತಾರು-ನಲವತ್ತೇಳಕ್ಕೆ, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲು. ದೊಡ್ಡವಳಾದಾಗ ಊರಿಗೆಲ್ಲ ಸಾರಿದವರು ಈ ದಿನ ಬಂದಾಗ ಮನೆಯಲ್ಲೂ ಮಾತಾಡುವುದಿಲ್ಲ. ಬೆವರು, ಸಿಡುಕು, ನಿದ್ದೆಯಿಲ್ಲದ ರಾತ್ರಿಗಳಿಗೆ ‘ಇವಳಿಗೇನೋ ಆಗಿದೆ’ ಎಂಬ ಷರಾ. ಜೀವವಿಜ್ಞಾನ ಇದನ್ನು ಗೌರವದಿಂದ ನೋಡುತ್ತದೆ. ಪ್ರಾಣಿಗಳಲ್ಲಿ ಹೆರುವ ಶಕ್ತಿ ಮುಗಿದ ಮೇಲೂ ದಶಕಗಟ್ಟಲೆ ಬದುಕುವ ಹೆಣ್ಣು ಬಲು ಅಪರೂಪ. ಮನುಷ್ಯರನ್ನು ಬಿಟ್ಟರೆ ಕೆಲವು ತಿಮಿಂಗಿಲ ಜಾತಿಗಳಲ್ಲಿ ಕಾಣುತ್ತದೆ. ಏಕೆ? ಕ್ರಿಸ್ಟನ್ ಹಾಕ್ಸ್ ಎಂಬ ಮಾನವಶಾಸ್ತ್ರಜ್ಞೆ ತಾಂಜಾನಿಯಾದ ಹಾಡ್ಜಾ ಜನರ ನಡುವೆ ಓಡಾಡಿ ಕಂಡದ್ದು ಇದು: ಮಗಳು ಮತ್ತೊಂದು ಕೂಸನ್ನು ಎದೆಗವಚಿಕೊಂಡಿರುವಾಗ, ಹಾಲು ಬಿಟ್ಟ ಮಕ್ಕಳಿಗೆ ಗೆಡ್ಡೆ ಅಗೆದು ತಂದು ಉಣಿಸುತ್ತಿದ್ದವರು ಅಜ್ಜಿಯರು. ಅಜ್ಜಿ ಇದ್ದ ಮನೆಯ ಮಕ್ಕಳು ಉಳಿದರು, ಹಾಗಾಗಿ ಅಜ್ಜಿಯರ ದೀರ್ಘಾಯುಷ್ಯವೂ ತಲೆಮಾರಿನಿಂದ ತಲೆಮಾರಿಗೆ ಉಳಿಯಿತು ಎಂಬುದು ಅವರ ವಾದ. ಬಾಣಂತನ ಮಾಡಿದ ಯಾವ ಕನ್ನಡದ ಅಜ್ಜಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ ಮಗಳ ಹೆರಿಗೆಗೆ ಬಾಣಂತಿ ಖಾರ, ಕೊಬ್ಬರಿ, ಮೆಂತ್ಯ ಕಟ್ಟಿಕೊಂಡು ವಿಮಾನ ಹತ್ತುವ ಅಜ್ಜಿಯರಿಗೆ ವೀಸಾ ಅವಧಿಯೇ ವಾನಪ್ರಸ್ಥದ ಅವಧಿ.

ವಾನಪ್ರಸ್ಥ ಅಂದೆ. ನೂರು ವರ್ಷವನ್ನು ನಾಲ್ಕು ಆಶ್ರಮಗಳಿಗೆ ಇಪ್ಪತ್ತೈದರಂತೆ ಹಂಚುವುದು ಭಾಷಣಕಾರರಿಗೆ ಬಲು ಇಷ್ಟ. ಮನುಸ್ಮೃತಿ ಅಲ್ಲಿ ವರ್ಷವನ್ನೇ ಹೇಳುವುದಿಲ್ಲ. ಚರ್ಮ ಸುಕ್ಕಾಗಿ, ಕೂದಲು ನರೆತು, ಮೊಮ್ಮಗುವನ್ನು ಕಂಡ ಗೃಹಸ್ಥ ಕಾಡಿಗೆ ಹೋಗಲಿ ಎನ್ನುತ್ತದೆ. ಕಿವಿ ಮುಟ್ಟಿಸುವ ಮೇಷ್ಟ್ರ ಲೆಕ್ಕವೇ ಅದು. ತೊಂದರೆ ಏನೆಂದರೆ ಆ ನಾಲ್ಕು ಹಂತಗಳು ಮೇಲಿನ ಮೂರು ವರ್ಣದ ಗಂಡಸರಿಗೆ ಮಾತ್ರ. ಉಳುವವರಿಗೆ, ಹೆಂಗಸರಿಗೆ ಜೀವನವಿಡೀ ಒಂದೇ ಆಶ್ರಮ, ಅದು ದುಡಿತ. ಹನ್ನೆರಡನೇ ಶತಮಾನದ ಶರಣರು ಕಾಡಿನ ಮಾತು ಬಿಟ್ಟು ಕಾಯಕವನ್ನೇ ಮೇಲಕ್ಕೆತ್ತಿದ್ದರಲ್ಲಿ ಈ ಅನ್ಯಾಯಕ್ಕೆ ಉತ್ತರವೂ ಇತ್ತು.

ಇನ್ನು ಅರವತ್ತು. ಪಂಚಾಂಗದ ಪ್ರಕಾರ ಅದಕ್ಕೆ ಸೊಗಸಾದ ಕಾರಣವಿದೆ: ಪ್ರಭವದಿಂದ ಕ್ಷಯದವರೆಗೆ ಅರವತ್ತು ಸಂವತ್ಸರ ಸುತ್ತಿ, ನೀವು ಹುಟ್ಟಿದ ಸಂವತ್ಸರವೇ ಮರಳಿ ಬರುತ್ತದೆ, ಅದಕ್ಕೇ ಷಷ್ಟ್ಯಬ್ದಿ. ಸಹಸ್ರಚಂದ್ರ ದರ್ಶನಕ್ಕೂ ಲೆಕ್ಕವಿದೆ. ಸಾವಿರವನ್ನು ಹನ್ನೆರಡರಿಂದ ಭಾಗಿಸಿ ಎಂಬತ್ತಮೂರು ವರ್ಷ ನಾಲ್ಕು ತಿಂಗಳು ಅನ್ನುವವರಿದ್ದಾರೆ. ಅಧಿಕಮಾಸ ಮರೆತ ಲೆಕ್ಕ ಅದು. ಸಾವಿರ ಹುಣ್ಣಿಮೆ ಎಂಬತ್ತು ವರ್ಷ ಹತ್ತು ತಿಂಗಳ ಸುಮಾರಿಗೇ ತುಂಬುತ್ತದೆ. ಸರ್ಕಾರಿ ಅರವತ್ತಕ್ಕೆ ಅಂಥ ಆಕಾಶದ ಕಾರಣವಿಲ್ಲ. ಜರ್ಮನಿಯ ಬಿಸ್ಮಾರ್ಕ್ 1889ರಲ್ಲಿ ಪಿಂಚಣಿ ತಂದಾಗ ಗೆರೆ ಎಪ್ಪತ್ತಿತ್ತು. ನಮ್ಮ ರಾಜ್ಯ ನೌಕರರಿಗೆ 2008ರವರೆಗೆ ಐವತ್ತೆಂಟು. ಹೈಕೋರ್ಟ್ ನ್ಯಾಯಮೂರ್ತಿಗೆ ಅರವತ್ತೆರಡು, ಸುಪ್ರೀಂ ಕೋರ್ಟಿನವರಿಗೆ ಅರವತ್ತೈದು, ಶಾಸಕರಿಗೆ ಮತದಾರ ಹೇಳುವವರೆಗೆ.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾನು ಒಪ್ಪಲಾರೆ. ಚುರುಕು ಇಳಿಯುವುದು ನಿಜ, ಅದು ಇಪ್ಪತ್ತರಿಂದಲೇ ಶುರು. ಆದರೆ ಪದಸಂಪತ್ತು ಅರವತ್ತು ದಾಟಿದ ಮೇಲೂ ಬೆಳೆಯುತ್ತದೆ ಎಂದು 2015ರಲ್ಲಿ ಹಾರ್ಟ್‌ಶೋರ್ನ್ ಮತ್ತು ಜರ್ಮೈನ್ ಸಾವಿರಾರು ಜನರ ಪರೀಕ್ಷೆಯಿಂದ ತೋರಿಸಿದರು. ಗಾದೆಯ ಕೇಡು ಬೇರೊಂದಿದೆ. ಅಪ್ಪ ದಾರಿ ತಪ್ಪಿದರೆ, ಅವ್ವ ಒಲೆ ಆರಿಸಲು ಮರೆತರೆ ‘ವಯಸ್ಸಾಯ್ತು, ಅರಳುಮರಳು’ ಎಂದು ಬಿಟ್ಟುಬಿಡುತ್ತೇವೆ. ಅದು ಡಿಮೆನ್ಷಿಯಾ ಇರಬಹುದು, ಕೆಲವೊಮ್ಮೆ ವಿಟಮಿನ್ ಬಿ12 ಅಥವಾ ಥೈರಾಯ್ಡ್ ಕೊರತೆಯೂ ಇರಬಹುದು, ಕೊರತೆಗೆ ಮದ್ದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರ ಮಿದುಳು ಹೇಗೆ ಮುಪ್ಪಾಗುತ್ತದೆಂದು ವರ್ಷಗಟ್ಟಲೆ ಬೆನ್ನುಹತ್ತಿ ನೋಡುತ್ತಿದ್ದಾರೆ. ಮುಪ್ಪಿನ ಲೆಕ್ಕಕ್ಕೆ ಹಳ್ಳಿಯವರೂ ಸೇರಿದರೆಂಬುದೇ ದೊಡ್ಡ ಸಮಾಧಾನ.

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸು, ಈಗ ಸುಮಾರು ಎಪ್ಪತ್ತು. ಆಗ ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿದ್ದರು ಎಂದಲ್ಲ. ಕೂಸುಗಳು ತೊಟ್ಟಿಲಲ್ಲೇ ಹೋಗುತ್ತಿದ್ದವು, ಸರಾಸರಿ ಕುಸಿಯುತ್ತಿತ್ತು. 1971ರಲ್ಲೂ ಸಾವಿರ ಶಿಶುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು, 2023ಕ್ಕೆ ಅದು 25ಕ್ಕೆ ಇಳಿದಿದೆ. ಅಂದು ಉಳಿದ ಕೂಸುಗಳೇ ಇಂದಿನ ಹಿರಿಯರು. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ನೂರಕ್ಕೆ 8.6, 2036ರ ಹೊತ್ತಿಗೆ ಸುಮಾರು 15 ಎಂಬ ಅಂದಾಜಿದೆ. ಈ ಹಂತವೂ ಹದಿಹರೆಯದಂತೆ ಹಿಗ್ಗುತ್ತಿದೆ. ಅರವತ್ತು ಮುಟ್ಟಿದವರ ಮುಂದೆ ಇನ್ನೂ ಹದಿನೆಂಟು ವರ್ಷವಿದೆ.

ಆ ಹದಿನೆಂಟು ವರ್ಷ ಯಾರಿಗೆ ಹೇಗೆ ಎಂಬುದನ್ನು ತೀರ್ಮಾನಿಸುವುದು ಕಾಗದ. ನಿವೃತ್ತ ನೌಕರನಿಗೆ ಪಿಂಚಣಿ ಪುಸ್ತಕವಿದೆ. ನಲವತ್ತು ವರ್ಷ ಕಳೆ ಕಿತ್ತವಳಿಗೆ ನಿವೃತ್ತಿ ಎಂಬ ದಿನವೇ ಇಲ್ಲ. ಬೆನ್ನು ಬಾಗಿ ಕೂಲಿಗೆ ಯಾರೂ ಕರೆಯದಿದ್ದ ದಿನ ಅವಳು ಮುದುಕಿ. ಸಂಧ್ಯಾ ಸುರಕ್ಷಾ ಹಣಕ್ಕೆ ಅರವತ್ತೈದು ತುಂಬಿರಬೇಕು, ತುಂಬಿದೆ ಎಂದು ಆಧಾರ್ ಹೇಳಬೇಕು. ಅವಳ ಆಧಾರ್‌ನಲ್ಲಿ ಜನವರಿ 1 ಎಂಬ ತಾರೀಕು, ಯಾರೋ ಅಂದಾಜಿನಲ್ಲಿ ಒತ್ತಿದ ಇಸವಿ; ಪಡಿತರ ಚೀಟಿಯಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮತ್ತೊಂದು. ಐದು ವರ್ಷ ಕಡಿಮೆ ಬರೆದಿದ್ದರೆ ಐದು ವರ್ಷದ ಹಣ ಹೋಯಿತು. 2023ರ ಅಕ್ಟೋಬರ್ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಆಧಾರವಾದ್ದರಿಂದ ಅವರಿಗೆ ಈ ಪಾಡಿಲ್ಲ. ಅವರು ಮುದುಕರಾಗುವುದು ಈ ಶತಮಾನದ ಕೊನೆಗೆ. ಅಲ್ಲಿಯವರೆಗೆ ಅಧಿಕಾರಿಗಳು ಒಂದಿಷ್ಟು ಮೇಷ್ಟ್ರ ಬುದ್ಧಿ ತೋರಬೇಕು: ಎದುರಿಗೆ ನಿಂತವಳನ್ನು ಕಣ್ಣೆತ್ತಿ ನೋಡಿ ವಯಸ್ಸು ದೃಢಪಡಿಸಲು ವೈದ್ಯರ ಬಳಿಗೆ ಕಳಿಸುವುದು, ಕಾಗದ ತಿದ್ದಿಸಿಕೊಡುವುದು.

ನಿಮ್ಮ ಓಣಿಯಲ್ಲಿ, ಹೊಲದಲ್ಲಿ ಅಂಥವರು ಇದ್ದೇ ಇರುತ್ತಾರೆ. ಅವರ ಆಧಾರ್, ಪಡಿತರ ಚೀಟಿ ಎರಡನ್ನೂ ಒಮ್ಮೆ ಇಸಿದುಕೊಂಡು ತಾರೀಕು ತಾಳೆ ನೋಡಿ. ಹೊಂದದಿದ್ದರೆ ಅರ್ಜಿ ಬರೆದುಕೊಟ್ಟು ನಾಡಕಚೇರಿಗೆ ಜೊತೆಗೆ ಹೋಗಿ. ಹಿರಿಯರ ಸಹಾಯವಾಣಿ 14567. ಹದಿನೆಂಟು ತುಂಬದ ಹುಡುಗಿಗೆ ಲಗ್ನಪತ್ರಿಕೆ ಅಚ್ಚಾಗಿದೆ ಎಂದು ಗೊತ್ತಾದರೆ ಕರೆ ಮಾಡಬೇಕಾದದ್ದು 1098.